ಮೂರು ಸಲ ಸುಟ್ಟ ರೆಸಿಸ್ಟರ್: ಹಳೇ ಕಾರಿನ ಒಂದು ಬ್ಲೋವರ್ ಪ್ರಕರಣ

ಕಳೆದ ವರ್ಷ ಜುಲೈ ತಿಂಗಳ ಕೊನೆ. ದಾವಣಗೆರೆಯಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಬೆಳಗ್ಗೆ ನನ್ನ ಕಾರು ರಿಪೇರಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಮೇಷ್ಟ್ರ ಕಾರು ಬಂದು ನಿಂತಿತ್ತು. 2004ರ ಸಣ್ಣ ಪೆಟ್ರೋಲ್ ಕಾರು. ಎಸಿ, ಹೀಟರ್ ಎರಡೂ ಇವೆ. ಓಡಿದ್ದು 96 ಸಾವಿರ ಕಿಲೋಮೀಟರ್, ಮೊದಲಿನಿಂದ ಒಬ್ಬರದೇ ಕೈ. ಕಾರಿನ ಹೆಸರು ಇಲ್ಲಿ ಮುಖ್ಯ ಅಲ್ಲ. ಆ ಕಾಲದ ಸಣ್ಣ ಕಾರುಗಳಲ್ಲಿ ಈ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ.

ಮೇಷ್ಟ್ರು ಹೇಳಿದ್ದು ಇಷ್ಟು: "ನೋಡಪ್ಪಾ, ನಿನ್ನೆ ರಾತ್ರಿ ಶಿವಮೊಗ್ಗದಿಂದ ಬರೋವಾಗ ಹೊನ್ನಾಳಿ ದಾಟಿದ ಮ್ಯಾಲೆ ಮುಂದಿನ ಗ್ಲಾಸು ಪೂರ್ತಿ ಮಬ್ಬಾತು. ಗಾಳೀನ ಬರ್ಲಿಲ್ಲ. ನಮ್ಮನೇವ್ರು ಟವೆಲ್ ತಗಂಡು ಒರೆಸ್ತಾನೇ ಕೂತಿದ್ರು. ಹರಿಹರ ಮುಟ್ಟೋವರೆಗೆ ಜೀವ ಕೈಯಾಗ ಹಿಡ್ಕಂಡು ಬಂದೀವಿ."

ನಮ್ಮೂರಲ್ಲಿ ಹೀಟರ್ ಯಾಕೆ ಬೇಕು ಅಂತ ಜನ ಕೇಳುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಆ ಪ್ರಶ್ನೆ ಸರಿ ಅನಿಸುತ್ತದೆ. ಮಳೆಗಾಲದ ರಾತ್ರಿಯಲ್ಲಿ ಅಲ್ಲ. ಮಳೆ ಬಿದ್ದು ಗ್ಲಾಸು ತಣ್ಣಗಾಗುತ್ತದೆ, ಒಳಗೆ ಉಸಿರಿನ ತೇವ, ಒದ್ದೆ ಬಟ್ಟೆಯ ತೇವ ತುಂಬಿರುತ್ತದೆ. ಆ ತೇವವೆಲ್ಲ ಗ್ಲಾಸಿನ ಒಳಮೈ ಮೇಲೆ ಕೂರುತ್ತದೆ. ಒರೆಸಿದರೆ ಅರ್ಧ ನಿಮಿಷಕ್ಕೆ ಮತ್ತೆ ಮಬ್ಬು. ಎಸಿ ಹಾಕಿದರೆ ಗಾಳಿ ಒಣಗುತ್ತದೆ, ಜೊತೆಗೆ ಹೀಟರ್ ಸ್ವಲ್ಪ ತೆರೆದರೆ ಗ್ಲಾಸು ಬೆಚ್ಚಗಾಗುತ್ತದೆ. ಎರಡೂ ಸೇರಿದರೆ ಎರಡು ನಿಮಿಷದಲ್ಲಿ ದಾರಿ ಕಾಣುತ್ತದೆ. ಹೀಟರ್ ಅಂದರೆ ಇಂಜಿನ್ನಿನ ಬಿಸಿನೀರು ಹರಿಯುವ ಒಂದು ಪುಟ್ಟ ರೇಡಿಯೇಟರ್, ಎಸಿ ಅಂದರೆ ತಣ್ಣನೆಯ ಕೂಲಿಂಗ್ ಕಾಯಿಲ್. ಎರಡಕ್ಕೂ ಗಾಳಿ ಊದುವುದು ಒಂದೇ ಫ್ಯಾನು, ಅದೇ ಬ್ಲೋವರ್. ಅದು ನಿಂತರೆ ಎರಡೂ ಇದ್ದೂ ಇಲ್ಲದ ಹಾಗೆ.

ಹಾಗಾಗಿ ಬ್ಲೋವರನ್ನು ನಾನು ಬ್ರೇಕು, ವೈಪರ್ ಸಾಲಿಗೇ ಸೇರಿಸುತ್ತೇನೆ. ಸುಮ್ನೆ ಸುಖಕ್ಕೆ ಇರೋ ಸಾಮಾನು ಅಂತ ಯಾರಾದರೂ ಅಂದರೆ ನನಗೆ ಬೇಸರವಾಗುತ್ತದೆ.

ಹಿಂದಿನ ಕಥೆ

ಕಾರು ನೋಡುವ ಮೊದಲು ಕೇಳಿಸಿಕೊಳ್ಳಬೇಕು. ಹತ್ತು ನಿಮಿಷ ಕೇಳಿದರೆ ಎರಡು ಗಂಟೆ ಬಿಚ್ಚುವ ಕೆಲಸ ಉಳಿಯುತ್ತದೆ. ಮೇಷ್ಟ್ರು ನೆನಪಿಸಿಕೊಂಡು ಹೇಳಿದರು.

ಹಿಂದಿನ ನವೆಂಬರ್‌ನಲ್ಲಿ ಬ್ಲೋವರ್ 1, 2, 3ನೇ ಸ್ಪೀಡಿನಲ್ಲಿ ಓಡುತ್ತಿರಲಿಲ್ಲ, 4ರಲ್ಲಿ ಮಾತ್ರ ಓಡುತ್ತಿತ್ತು. ಒಂದು ಕಡೆ ತೋರಿಸಿದರು. ರೆಸಿಸ್ಟರ್, ಅಂದರೆ ಫ್ಯಾನಿನ ವೇಗ ಇಳಿಸುವ ಸುರುಳಿ, ಹೋಗಿದೆ ಅಂತ ಹೊಸದು ಹಾಕಿಕೊಟ್ಟರು. ಸರಿಹೋಯಿತು. ಫೆಬ್ರವರಿಯಲ್ಲಿ ಮತ್ತೆ ಅದೇ ಕಥೆ. ಇನ್ನೊಂದು ಕಡೆ ಹೋದರು, ಮತ್ತೆ ರೆಸಿಸ್ಟರ್. ಏಪ್ರಿಲ್‌ನಲ್ಲಿ ಮೂರನೇ ಸಲ ಹೋದಾಗ ಇನ್ಯಾರೋ "ಇನ್ನ ಸುಡಲ್ಲ ಬಿಡ್ರಿ" ಅಂತ ಏನೋ ಮಾಡಿಕೊಟ್ಟರು. ಆಮೇಲೆ ಆಗಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಜೂನ್‌ನಿಂದ ಬ್ಲೋವರ್ ಮನಸ್ಸು ಬಂದಾಗ ಓಡುತ್ತದೆ, ಇಲ್ಲದಿದ್ದರೆ ಇಲ್ಲ. ರಸ್ತೆ ಗುಂಡಿಗೆ ಬಿದ್ದರೆ ಒಮ್ಮೊಮ್ಮೆ ತಾನಾಗಿಯೇ ಶುರುವಾಗುತ್ತದೆ.

ಇಷ್ಟರಲ್ಲಿ ಮೇಷ್ಟ್ರ ಹೆಂಡತಿ, ನಾನು ಅಮ್ಮ ಅನ್ನುವುದು ಅವರನ್ನೇ, ಒಂದು ಮಾತು ಸೇರಿಸಿದರು. ಅವರು ಅಂಗಡಿಯ ಸ್ಟೂಲ್ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ಅದು ಒಂದು ವರ್ಷದಿಂದ ಗುಬ್ಬಿ ಕೂಗಿದಂಗ ಕೂಗ್ತಿತ್ತಪ್ಪ. ಬೆಳಿಗ್ಗೆ ಬೆಳಿಗ್ಗೆ ಜಾಸ್ತಿ. ನಾನು ಹೇಳಿದ್ರ ಇವ್ರಿಗೆ ಕೇಳ್ಸೇ ಇಲ್ಲ."

ನನಗೆ ಅರ್ಧ ಪ್ರಕರಣ ಅಲ್ಲೇ ಬಗೆಹರಿಯಿತು. ನಮ್ಮ ಕಾರುಗಳಲ್ಲಿ ಸ್ಟಿಯರಿಂಗ್ ಬಲಕ್ಕೆ, ಬ್ಲೋವರ್ ಎಡಕ್ಕೆ, ಗ್ಲೋವ್ ಬಾಕ್ಸಿನ ಹಿಂದೆ. ಅಂದರೆ ಎಡಗಡೆ ಸೀಟಿನವರ ಮೊಣಕಾಲ ಹತ್ತಿರ. ಓಡಿಸುವವರ ಕಿವಿಗೆ ಇಂಜಿನ್ ಸದ್ದು, ಹಾರ್ನು, ಲಾರಿ. ಮೋಟಾರಿನ ಬುಷ್ (ಶಾಫ್ಟ್ ಕೂತು ತಿರುಗುವ ಬಳೆ) ಒಣಗಿ ಕೀಂಯ್ ಅನ್ನುವುದು ಕೇಳಿಸುವುದು ಪಕ್ಕದಲ್ಲಿ ಕೂತವರಿಗೆ. ಮೂರು ಕಡೆ ರಿಪೇರಿ ಆಗಿದೆ, ಮೂರೂ ಕಡೆ ಯಾರೂ ಅಮ್ಮನನ್ನು ಕೇಳಿಲ್ಲ. ಗುಬ್ಬಿ ಕೂಗಿದ್ದು ರೆಸಿಸ್ಟರ್ ಸುಡುವುದಕ್ಕಿಂತ ಮೂರ್ನಾಲ್ಕು ತಿಂಗಳು ಮೊದಲು.

ಬಿಚ್ಚುವ ಮೊದಲು ಅಳೆದದ್ದು

ಮೊದಲು ಫ್ಯೂಸ್ ಪೆಟ್ಟಿಗೆ. ಮುಚ್ಚಳದ ಮೇಲೆ ಬ್ಲೋವರ್ ಜಾಗಕ್ಕೆ 20 ಅಂತ ಬರೆದಿದೆ. ಒಳಗೆ ಕೂತಿದ್ದು ಹಸಿರು ಫ್ಯೂಸ್, ಅಂದರೆ 30 ಆಂಪ್. ಬ್ಲೇಡ್ ಫ್ಯೂಸಿನಲ್ಲಿ ಹಳದಿ 20, ಹಸಿರು 30. ಬಣ್ಣ ನೋಡಿದರೇ ತಿಳಿಯುತ್ತದೆ. ಸುತ್ತಲ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಯಾರೋ 20ರದು ಹೋಗಿದ್ದಕ್ಕೆ 30 ಹಾಕಿದ್ದಾರೆ. ಇದು ತಪ್ಪು, ಅಪಾಯದ ತಪ್ಪು. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. 20 ಆಂಪಿಗೆ ಅಂತ ಎಳೆದ ವೈರಿಗೆ 30ರ ಫ್ಯೂಸ್ ಹಾಕಿದರೆ, ಫ್ಯೂಸ್ ಹೋಗುವುದಕ್ಕಿಂತ ಮೊದಲು ವೈರೇ ಕಾಯುತ್ತದೆ.

ಆಮೇಲೆ ಮೋಟಾರಿನ ಎರಡು ಪಿನ್ನಿನ ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಗ್ಗು. ಇಲ್ಲಿ ಹೊಸಬರು ಬಹಳ ಸಲ ಮೋಸ ಹೋಗುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಎಷ್ಟೋ ಕಾರುಗಳಲ್ಲಿ ಮೋಟಾರಿಗೆ ಪ್ಲಸ್ ನೇರವಾಗಿ ಬರುತ್ತದೆ. ಸ್ವಿಚ್ಚು, ರೆಸಿಸ್ಟರ್ ಎರಡೂ ಅರ್ತ್ (ಮೈನಸ್) ಕಡೆ ಇರುತ್ತವೆ. ಕರೆಂಟಿನ ದಾರಿ ಹೀಗೆ: ಇಗ್ನಿಷನ್, ಫ್ಯೂಸ್, ಮೋಟಾರ್, ರೆಸಿಸ್ಟರ್, ಸ್ವಿಚ್, ಕೊನೆಗೆ ಕಾರಿನ ಬಾಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಹಾಕಿ ಚುಚ್ಚಿದರೆ, ಸ್ವಿಚ್ ಆಫ್ ಇದ್ದಾಗಲೂ ಒಳ್ಳೆ ಮೋಟಾರಿನ ಎರಡೂ ವೈರಿನಲ್ಲಿ ಲೈಟ್ ಹತ್ತುತ್ತದೆ. ಕರೆಂಟು ಮೋಟಾರಿನ ಸುರುಳಿ ದಾಟಿ ಆ ಕಡೆಗೂ ಬಂದಿರುತ್ತದೆ. ಅದನ್ನು ನೋಡಿ ವೈರಿಂಗ್ ಶಾರ್ಟ್ ಆಗಿದೆ ಅಂದುಕೊಂಡು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿದವರನ್ನು ನಾನು ನೋಡಿದ್ದೇನೆ. ಸರಿಯಾದ ದಾರಿ ಅಂದರೆ ಮೀಟರಿನ ಎರಡು ಕಡ್ಡಿಯನ್ನೂ ಮೋಟಾರಿನ ಎರಡು ಪಿನ್ನಿಗೇ ಇಡುವುದು. ಕಪ್ಲರ್ ಹಾಕಿರಬೇಕು, ಸ್ವಿಚ್ 4ರಲ್ಲಿರಬೇಕು.

ಇಂಜಿನ್ ಆಫ್, ಇಗ್ನಿಷನ್ ಆನ್. ಎರಡು ಪಿನ್ನಿನ ನಡುವೆ 12.2 ವೋಲ್ಟ್ ತೋರಿಸಿತು. ಮೋಟಾರ್ ಮಾತ್ರ ಅಲ್ಲಾಡಲಿಲ್ಲ. ಅಂದರೆ ಕರೆಂಟು ಬಾಗಿಲವರೆಗೂ ಬಂದಿದೆ, ಒಳಗೆ ಹೋಗುತ್ತಿಲ್ಲ. ಫ್ಯೂಸ್, ಸ್ವಿಚ್, ಅರ್ತ್ ಯಾವುದೂ ಪೂರ್ತಿ ಕಡಿದಿಲ್ಲ ಅನ್ನುವುದು ಒಂದೇ ಅಳತೆಯಲ್ಲಿ ಗೊತ್ತಾಯಿತು. ಕಡಿದಿರುವುದು ಮೋಟಾರಿನ ಒಳಗೇ.

ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಎರಡು ಏಟು ಕೊಟ್ಟೆ. ಗುರ್ ಅಂತ ಶುರುವಾಯಿತು. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದು ಗಿಡ್ಡವಾದರೆ ಅದರ ಹಿಂದಿನ ಸ್ಪ್ರಿಂಗ್ ಪೂರ್ತಿ ಒತ್ತುವುದಿಲ್ಲ. ಆ ತಿರುಗುವ ಭಾಗಕ್ಕೆ, ಅಂದರೆ ಆರ್ಮೇಚರಿಗೆ, ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲುತ್ತದೆ. ಏಟು ಬಿದ್ದಾಗ ಜರುಗಿ ಮುಟ್ಟುತ್ತದೆ. ರಸ್ತೆ ಗುಂಡಿಗೆ ಬಿದ್ದಾಗ ಓಡುತ್ತಿತ್ತು ಅಂದರಲ್ಲ, ಅದೂ ಇದೇ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ: ಮೋಟಾರ್ ಹೋಗಿದೆ, ಹೊಸದು ಹಾಕಿ. ಅದು ನಿಜವೇ. ಆದರೆ ಓಡುತ್ತಿರುವಾಗಲೇ ಇನ್ನೊಂದು ಅಳತೆ ತೆಗೆಯುವುದು ನನಗೆ ಬೇಕಿತ್ತು. ರೆಸಿಸ್ಟರ್ ಮೂರು ಸಲ ಯಾಕೆ ಸುಟ್ಟಿತು ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಇಂಜಿನ್ ಸ್ಟಾರ್ಟ್ ಮಾಡಿ, ಮೋಟಾರಿನ ಒಂದು ವೈರಿಗೆ ಡಿಸಿ ಕ್ಲ್ಯಾಂಪ್ ಮೀಟರ್ (ವೈರನ್ನು ಸುತ್ತುವರಿದು ಕರೆಂಟು ಅಳೆಯುವುದು) ಹಾಕಿದೆ. 4ರಲ್ಲಿ 20 ಆಂಪ್. ನಿಲ್ಲುತ್ತಿಲ್ಲ, 19, 21, 20 ಅಂತ ಕುಣಿಯುತ್ತಿದೆ. ಇಷ್ಟು ಸಣ್ಣ ಕಾರಿನಲ್ಲಿ ನಾನು ಅಳೆದಿರುವ ಒಳ್ಳೆ ಮೋಟಾರುಗಳು ಹೆಚ್ಚಾಗಿ 8ರಿಂದ 12 ಆಂಪ್ ಒಳಗೇ ಇರುತ್ತವೆ. ಬ್ಯಾಟರಿಯಲ್ಲಿ 13.9 ವೋಲ್ಟ್ ಇದೆ, ಮೋಟಾರಿನ ಪಿನ್ನಿನಲ್ಲಿ 11.6. ದಾರಿಯಲ್ಲಿ 2.3 ವೋಲ್ಟ್ ಸೋರಿಹೋಗಿದೆ. ಅದರಲ್ಲಿ 0.9 ವೋಲ್ಟ್ ಆ ಎರಡು ಪಿನ್ನಿನ ಕಪ್ಲರಿನಲ್ಲೇ. 20 ಆಂಪಿಗೆ 0.9 ವೋಲ್ಟ್ ಅಂದರೆ 18 ವ್ಯಾಟ್ ಕಾವು, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಒಳಗೆ. ಕೈ ಇಟ್ಟರೆ ಚುರ್ ಅಂತು. ವಾಸನೆ ಎಲ್ಲಿಂದ ಬರುತ್ತಿತ್ತು ಅಂತ ಬೇರೆ ಹುಡುಕಬೇಕಾಗಿರಲಿಲ್ಲ.

ರೆಸಿಸ್ಟರ್ ಯಾಕೆ ಸುಡುತ್ತದೆ

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ಭಾಗ ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

ರೆಸಿಸ್ಟರ್ ಅಂದರೆ ಸುರುಳಿ ಸುತ್ತಿದ ತಂತಿ. 1ರಲ್ಲಿ ಎಲ್ಲ ಸುರುಳಿ ದಾಟಿ ಕರೆಂಟು ಹೋಗಬೇಕು, ಮೋಟಾರ್ ನಿಧಾನ. 2, 3ಕ್ಕೆ ಸುರುಳಿ ಕಡಿಮೆಯಾಗುತ್ತಾ ಬರುತ್ತದೆ. 4ರಲ್ಲಿ ರೆಸಿಸ್ಟರ್ ದಾರಿಯಲ್ಲೇ ಇಲ್ಲ, ಕರೆಂಟು ನೇರ. ಅದಕ್ಕೇ ರೆಸಿಸ್ಟರ್ ಹೋದರೆ 4 ಮಾತ್ರ ಉಳಿಯುವುದು. ಸುರುಳಿ ಕಾಯುವುದು ಸಹಜ. ಅದನ್ನು ತಣ್ಣಗಿಡಲಿಕ್ಕೆ ಅಂತಲೇ ರೆಸಿಸ್ಟರನ್ನು ಬ್ಲೋವರಿನ ಗಾಳಿ ಹೋಗುವ ದಾರಿಯೊಳಗೆ ಕೂರಿಸಿರುತ್ತಾರೆ. ಜೊತೆಗೆ ಒಂದು ಪುಟ್ಟ ಥರ್ಮಲ್ ಫ್ಯೂಸ್ ಬೆಸೆದಿರುತ್ತಾರೆ. ಕಾವು ಮಿತಿ ಮೀರಿದರೆ ಅದು ಕಡಿದುಕೊಂಡು ಬೆಂಕಿ ತಪ್ಪಿಸುತ್ತದೆ.

ಈಗ ಮೋಟಾರಿನ ಬುಷ್ ಒಣಗಿ ಬಿಗಿಯಾಯಿತು ಅಂತ ಇಟ್ಟುಕೊಳ್ಳಿ. ತಿರುಗುವ ಮೋಟಾರು ತಾನೂ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಜಾಸ್ತಿ ಇದ್ದಷ್ಟೂ ಅದು ಜಾಸ್ತಿ, ಒಳಗೆ ಬರುವ ಕರೆಂಟನ್ನು ಅದೇ ತಡೆದು ಹಿಡಿದಿರುತ್ತದೆ. ಬುಷ್ ಹಿಡಿದು ವೇಗ ಇಳಿದರೆ ಆ ತಡೆ ಇಳಿಯುತ್ತದೆ, ಕರೆಂಟು ನುಗ್ಗುತ್ತದೆ. ಏರು ಹತ್ತುವಾಗ ಸೈಕಲ್ ನಿಧಾನವಾದಷ್ಟೂ ತುಳಿಯುವ ಕಾಲು ನೋಯುತ್ತದೆ, ಅಲ್ವಾ? ಹಾಗೆ.

ಕಾವಿನ ಲೆಕ್ಕ ಇನ್ನೂ ಕೆಟ್ಟದು. ಕರೆಂಟನ್ನು ಕರೆಂಟಿನಿಂದಲೇ ಗುಣಿಸಬೇಕು. ಲೆಕ್ಕಕ್ಕೆ ಸುರುಳಿ 1 ಓಮ್ ಅನ್ನೋಣ. 5 ಆಂಪ್ ಹರಿದರೆ ಐದೈದ್ಲಿ 25 ವ್ಯಾಟ್. 8 ಆಂಪ್ ಹರಿದರೆ ಎಂಟೆಂಟ್ಲಿ 64 ವ್ಯಾಟ್. ನನ್ನ ಮೇಜಿನ ಮೇಲೆ ಎರಡು ಸೋಲ್ಡರಿಂಗ್ ಐರನ್ ಇವೆ. 25 ವ್ಯಾಟಿನದು ಸಣ್ಣ ಬೋರ್ಡಿಗೆ, 60 ವ್ಯಾಟಿನದು ದಪ್ಪ ವೈರಿಗೆ. ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಆ ವ್ಯತ್ಯಾಸ ಗೊತ್ತು. ಕರೆಂಟು ಒಂದೂವರೆ ಪಟ್ಟು ಏರಿದರೆ ಸಾಕು, 25ರ ಜಾಗದಲ್ಲಿ 60ರ ಐರನ್ ಇಟ್ಟಂತೆ ಆಗುತ್ತದೆ. ಅದೇ ಹೊತ್ತಿಗೆ ಫ್ಯಾನ್ ನಿಧಾನವಾಗಿದೆ, ತಣ್ಣಗೆ ಮಾಡುವ ಗಾಳಿ ಕಡಿಮೆಯಾಗಿದೆ. ಎರಡೂ ಕಡೆಯಿಂದ ಏಟು. ಹೊಸ ರೆಸಿಸ್ಟರ್ ಎಷ್ಟು ಒಳ್ಳೆಯದಿದ್ದರೂ ಮೂರು ತಿಂಗಳು ಬಾಳಿದ್ದೇ ಹೆಚ್ಚು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಕೆಲಸದವರಲ್ಲೂ ಇದೆ. ಕೂಲಿಂಗ್ ಕಾಯಿಲಿಗೆ ಧೂಳು ಮೆತ್ತಿ ಗಾಳಿ ಕಟ್ಟಿದರೆ ಮೋಟಾರಿಗೆ ಲೋಡ್ ಜಾಸ್ತಿಯಾಗುತ್ತದೆ, ಅದಕ್ಕೇ ಕರೆಂಟು ಏರುತ್ತದೆ ಅನ್ನುತ್ತಾರೆ. ಆಗುವುದು ಉಲ್ಟಾ. ಡಬ್ಬಿಯ ಹಾಗೆ ಸುತ್ತಲೂ ಎಸಳಿರುವ ಈ ನಮೂನೆ ಗುಂಡು ಫ್ಯಾನಿಗೆ ಗಾಳಿ ಕಟ್ಟಿದರೆ ಅದು ಹಗುರಾಗಿ ಜೋರಾಗಿ ತಿರುಗುತ್ತದೆ, ಕರೆಂಟು ಇಳಿಯುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಕೈ ಅಡ್ಡ ಇಟ್ಟರೆ ಸದ್ದು ಏರುತ್ತದಲ್ಲ, ಅದೇ ಕಾರಣ. ಕೆಲಸ ಮುಗಿದ ಮೇಲೆ ಇದೇ ಕಾರಿನಲ್ಲಿ ಗಾಳಿ ಬರುವ ಕಿಂಡಿಗಳನ್ನೆಲ್ಲ ರಟ್ಟಿನಿಂದ ಮುಚ್ಚಿ, ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗನಿಗೆ ತೋರಿಸಿದೆ. 11 ಆಂಪ್ ಇದ್ದದ್ದು 9ಕ್ಕೆ ಇಳಿಯಿತು. ಧೂಳು ರೆಸಿಸ್ಟರನ್ನು ಸುಡುವುದು ನಿಜ, ಆದರೆ ತಂಪು ಗಾಳಿ ಕಟ್ಟಿ. ಕರೆಂಟು ಏರಿದ್ದರೆ ಬೇರೆ ಕಡೆ ನೋಡಬೇಕು: ಬುಷ್, ಫ್ಯಾನು ಎಲ್ಲಾದರೂ ಉಜ್ಜುತ್ತಿದೆಯಾ, ಆರ್ಮೇಚರ್.

ಬಿಚ್ಚಿದಾಗ ಸಿಕ್ಕಿದ್ದು

ಬ್ಯಾಟರಿಯ ಮೈನಸ್ ತೆಗೆದು, ಗ್ಲೋವ್ ಬಾಕ್ಸ್ ಇಳಿಸಿದೆವು. ಮೊದಲು ರೆಸಿಸ್ಟರ್, ಎರಡು ಸ್ಕ್ರೂ. ಹೊರಗೆ ಎಳೆದು ಬೆಳಕಿಗೆ ಹಿಡಿದಾಗ ಹುಡುಗ "ಅಣ್ಣ, ಇದೇನಿದು?" ಅಂದ. ಥರ್ಮಲ್ ಫ್ಯೂಸಿನ ಎರಡು ಕಾಲಿಗೆ ಒಂದು ತಾಮ್ರದ ಎಳೆ ಬೆಸೆದಿದ್ದರು. "ಇನ್ನ ಸುಡಲ್ಲ" ಅಂದಿದ್ದು ಇದನ್ನೇ. ನಿಜ, ಫ್ಯೂಸ್ ಇನ್ನು ಸುಡುವುದಿಲ್ಲ. ಆ ಕಾವು ಸುತ್ತಲ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೋಗುತ್ತದೆ. ರೆಸಿಸ್ಟರ್ ಕೂತ ಜಾಗದಲ್ಲಿ ಪೆಟ್ಟಿಗೆಯ ಅಂಚು ಮೇಣದ ಹಾಗೆ ಬಾಗಿತ್ತು. ಅದರಿಂದ ಎರಡು ಬೆರಳು ದೂರದಲ್ಲಿ ಒಣಗಿದ ಬೇವಿನ ಎಲೆ ಬಿದ್ದಿದ್ದವು. ಕೆಂಪಗೆ ಕಾದ ಸುರುಳಿ, ಪಕ್ಕದಲ್ಲಿ ತರಗೆಲೆ, ಮೇಲಿಂದ ಗಾಳಿ. ಒಲೆ ಹಚ್ಚಲಿಕ್ಕೆ ಇನ್ನೇನು ಬೇಕು? ಮೇಷ್ಟ್ರನ್ನು ಕರೆದು ತೋರಿಸಿದೆ. ಅವರು ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಮೋಟಾರಿಗೆ ಮೂರು ಸ್ಕ್ರೂ. ಎರಡು ಮುಂದೆ, ಕೈಗೆ ಸಿಗುತ್ತವೆ. ಮೂರನೆಯದು ಹಿಂದೆ, ಕಣ್ಣಿಗೆ ಕಾಣುವುದಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲು ಹೊರಗೆ ಬಿಟ್ಟು, ಬೆನ್ನು ಕೆಳಗೆ ಮಾಡಿ ಮಲಗಬೇಕು. ಗಿಡ್ಡ ಸ್ಕ್ರೂಡ್ರೈವರ್ ಒಂದೇ ಗತಿ. ಆ ಮೂರನೇ ಸ್ಕ್ರೂ ತೆಗೆಯುವಾಗ ಮೋಟಾರನ್ನು ಇನ್ನೊಂದು ಕೈಯಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ನೇರ ಮುಖದ ಮೇಲೆ ಇಳಿಯುತ್ತದೆ. ಅದರ ಜೊತೆ ಇಪ್ಪತ್ತು ವರ್ಷದ ಧೂಳೂ ಇಳಿಯುತ್ತದೆ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಫ್ಯಾನಿನ ಗೂಡಿನಲ್ಲಿ ಬೇವಿನ ಎಲೆ, ಕಡ್ಡಿ, ಜೊತೆಗೆ ನುಣ್ಣನೆ ಕರಿ ಬೂದಿ. ಮೇಷ್ಟ್ರ ಮನೆ ಇರುವುದು ಮಂಡಕ್ಕಿ ಭಟ್ಟಿಗಳ ಕಡೆ. ಮನೆ ಮುಂದೆ ದೊಡ್ಡ ಬೇವಿನ ಮರ, ಕಾರು ಅದರ ನೆರಳಲ್ಲೇ ನಿಲ್ಲುತ್ತದೆ. ಈ ಕಾರಿಗೆ ಗಾಳಿ ಸೋಸುವ ಫಿಲ್ಟರ್ ಇಲ್ಲ. ವೈಪರ್ ಕೆಳಗಿನ ಜಾಲರಿಯಿಂದ ಒಳಗೆ ಬಂದದ್ದು ನೇರ ಫ್ಯಾನಿಗೇ ಬರುತ್ತದೆ.

ಮೋಟಾರನ್ನು ಮೇಜಿನ ಮೇಲಿಟ್ಟು ಬಿಚ್ಚಿದೆ. ಒಂದು ಕಾರ್ಬನ್ ಉಗುರಿನಷ್ಟು ಉಳಿದಿತ್ತು. ಕಾರ್ಬನ್ ಉಜ್ಜುವ ತಾಮ್ರದ ಭಾಗ ಕಮ್ಯುಟೇಟರ್, ಅದರ ಮೇಲೆ ಉಗುರು ಸಿಗುವಷ್ಟು ಆಳದ ಗೆರೆ. ಕೆಳಗಿನ ಬುಷ್ ಮೊಟ್ಟೆ ಆಕಾರಕ್ಕೆ ಸವೆದಿದೆ, ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. ಶಾಫ್ಟಿನ ಮೇಲೆ ತುಕ್ಕು. ತುಕ್ಕು ಅಂದರೆ ನೀರು. ನೀರು ಎಲ್ಲಿಂದ? ಬಾನೆಟ್ ಎತ್ತಿ ವೈಪರ್ ಕೆಳಗಿನ ತೊಟ್ಟಿ ನೋಡಿದೆ. ನೀರು ಇಳಿದುಹೋಗುವ ತೂತು ಎಲೆ, ಮಣ್ಣು ಸೇರಿ ಗಟ್ಟಿ ಕಟ್ಟಿತ್ತು. ಮಳೆ ಬಂದಾಗ ತೊಟ್ಟಿ ತುಂಬಿ, ಗಾಳಿ ಬರುವ ಬಾಯಿಂದ ಹನಿ ಹನಿಯಾಗಿ ಮೋಟಾರಿನ ಮೇಲೆ ಬಿದ್ದಿದೆ. ಬುಷ್ ಒಳಗಿನ ಎಣ್ಣೆ ತೊಳೆದುಹೋಗಿದೆ. ಗುಬ್ಬಿ ಕೂಗಿದ್ದು ಆಗಿನಿಂದ.

ಅಂದರೆ ಸರಪಳಿ ಹೀಗೆ: ಬೇವಿನ ಎಲೆ, ಕಟ್ಟಿದ ತೂತು, ನೀರು, ಒಣಗಿದ ಬುಷ್, ಏರಿದ ಕರೆಂಟು, ಸುಟ್ಟ ರೆಸಿಸ್ಟರ್. ಮೂರು ಕಡೆಯವರೂ ಹಿಡಿದದ್ದು ಕೊನೆಯ ಕೊಂಡಿ.

ಹೊಸ ಮೋಟಾರ್

ಕಾರ್ಬನ್ ಮಾತ್ರ ಸವೆದಿದ್ದರೆ ಹೊಸ ಕಾರ್ಬನ್ ಹಾಕಿ ಓಡಿಸಬಹುದಿತ್ತು. ಹಳೇ ಮೋಟಾರುಗಳಲ್ಲಿ ನಾನು ಮಾಡಿದ್ದೇನೆ, ಚೆನ್ನಾಗಿ ಬಾಳುತ್ತವೆ. ಬುಷ್ ಸವೆದಿದ್ದರೆ, ಕಮ್ಯುಟೇಟರಿಗೆ ಗೆರೆ ಬಿದ್ದಿದ್ದರೆ ಬೇಡ. ಗುಜರಿಯಲ್ಲಿ ಹಳೇ ಮೋಟಾರ್ ಕಡಿಮೆಗೆ ಸಿಗುತ್ತದೆ. ಅದೂ ಇಷ್ಟೇ ವರ್ಷ ಮಳೆ ಕಂಡಿರುತ್ತದೆ. ನಾನು ಹೊಸದನ್ನೇ ಹೇಳಿದೆ. ಮೇಷ್ಟ್ರು ಲೆಕ್ಕ ಹಾಕಿ ಹೇಳಿದರು, ಮೂರು ರಿಪೇರಿಗೆ ಕೊಟ್ಟ ದುಡ್ಡಿನಲ್ಲೇ ಮೋಟಾರ್ ಬರುತ್ತಿತ್ತು ಅಂತ.

ಅಂಗಡಿಯಲ್ಲಿ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಬೇಕು. ಶಾಫ್ಟಿನ ದಪ್ಪ, ಉದ್ದ, ತಟ್ಟೆಯ ತೂತುಗಳ ಜಾಗ, ಕಪ್ಲರಿನ ಆಕಾರ, ತಿರುಗುವ ದಿಕ್ಕು. ಐದೂ ಹೊಂದಬೇಕು.

ನಮಗೆ ಸಿಕ್ಕಿದ ಮೋಟಾರಿಗೆ ಫ್ಯಾನು ಇರಲಿಲ್ಲ, ಹಳೇ ಫ್ಯಾನನ್ನೇ ತೊಳೆದು ಹಾಕಬೇಕಿತ್ತು. ಹುಡುಗ ಬ್ರಷ್ ಹಿಡಿದು ಸೋಪು ನೀರಲ್ಲಿ ಒಂದೊಂದೇ ಎಸಳು ತಿಕ್ಕುತ್ತಿದ್ದ. ಒಂದು ಎಸಳಿಗೆ ಸಣ್ಣ ತಗಡಿನ ಕ್ಲಿಪ್ ಕಚ್ಚಿಕೊಂಡಿತ್ತು. ಕಸ ಅಂದುಕೊಂಡು ಕೀಳಲಿಕ್ಕೆ ಹೋದ. ತಡೆದೆ. ಅದು ಫ್ಯಾನಿನ ತೂಕ ಸರಿದೂಗಿಸಲಿಕ್ಕೆ ಕಾರ್ಖಾನೆಯಲ್ಲೇ ಹಾಕಿದ ಕ್ಲಿಪ್. ಕಿತ್ತರೆ ಫ್ಯಾನು ಅದುರುತ್ತದೆ, ಅದುರಿದರೆ ಹೊಸ ಬುಷ್ಷೂ ಬೇಗ ಸವೆಯುತ್ತದೆ. ಅಷ್ಟು ಸಣ್ಣ ತಗಡಿನ ಮೇಲೆ ಮೋಟಾರಿನ ಆಯಸ್ಸು ನಿಂತಿರುತ್ತದೆ. ಎಸಳುಗಳ ಮಧ್ಯೆ ಬೂದಿ ಒಂದೇ ಕಡೆ ಉಳಿದರೂ ಅದೇ ಕಥೆ, ಪೂರ್ತಿ ತೊಳೆಯಬೇಕು.

ಫ್ಯಾನ್ ಒಣಗುವ ಹೊತ್ತಿಗೆ ಗೂಡನ್ನು ವ್ಯಾಕ್ಯೂಮ್ ಮಾಡಿದೆವು. ಕೂಲಿಂಗ್ ಕಾಯಿಲಿನ ಮುಖದ ಮೇಲೆ ಧೂಳು ಕಂಬಳಿ ಹಾಗೆ ಕೂತಿತ್ತು, ಮೆತ್ತನೆ ಬ್ರಷ್ಷಿನಿಂದ ತೆಗೆದೆವು. ಎಸಿ ನೀರಿನ ಪೈಪು, ತೊಟ್ಟಿಯ ತೂತು ಎರಡನ್ನೂ ಬಿಡಿಸಿದೆವು. ತೊಟ್ಟಿಗೆ ಒಂದು ಚೆಂಬು ನೀರು ಸುರಿದು, ಅದು ಚಕ್ರದ ಹಿಂದಿನಿಂದ ಇಳಿದುಹೋಗುವುದನ್ನು ಕಣ್ಣಾರೆ ನೋಡಿದ ಮೇಲೇ ಮುಂದಿನ ಕೆಲಸ.

ಕರಗಿದ ಕಪ್ಲರನ್ನು ಕತ್ತರಿಸಿ, ಅದೇ ದಪ್ಪದ ವೈರಿನ ಹೊಸ ಕಪ್ಲರ್ ಕ್ರಿಂಪ್ ಮಾಡಿದೆ. ಹೊಸ ರೆಸಿಸ್ಟರ್, ಥರ್ಮಲ್ ಫ್ಯೂಸ್ ಇರುವುದು. ಬ್ಲೋವರ್ ಸ್ವಿಚ್ ಬಿಚ್ಚಿದರೆ 4ರ ತಟ್ಟೆ ಕರ್ರಗಾಗಿತ್ತು, ತೆಳು ಮರಳು ಕಾಗದದಿಂದ ಉಜ್ಜಿ ಕೂರಿಸಿದೆ. ಪೆಟ್ಟಿಗೆಗೆ ಹಳದಿ 20ರ ಫ್ಯೂಸ್.

ಮೋಟಾರಿನ ಪಕ್ಕದಲ್ಲಿ ಒಂದು ಬೆರಳು ದಪ್ಪದ ರಬ್ಬರ್ ಕೊಳವೆ ಇರುತ್ತದೆ. ಬ್ಲೋವರಿನ ಗಾಳಿಯನ್ನೇ ಸ್ವಲ್ಪ ತಂದು ಮೋಟಾರಿನ ಒಳಗೆ ಬಿಡುತ್ತದೆ, ಮೋಟಾರ್ ತಣ್ಣಗಿರಲಿ ಅಂತ. ಜೋಡಿಸುವಾಗ ಇದನ್ನು ಮರೆಯುವವರೇ ಜಾಸ್ತಿ. ಮರೆತರೂ ಆ ದಿನ ಎಲ್ಲ ಚೆನ್ನಾಗೇ ಓಡುತ್ತದೆ, ಅದೇ ತೊಂದರೆ.

ಜೋಡಿಸಿ ಆನ್ ಮಾಡಿದಾಗ ಮೋಟಾರ್ ನುಣ್ಣಗೆ ತಿರುಗಿತು. ಆದರೆ ಗಾಳಿ ನಾನು ಅಂದುಕೊಂಡಷ್ಟು ಬರಲಿಲ್ಲ. ಗಾಳಿ ಬರುತ್ತಿದೆ, ಬಲ ಇಲ್ಲ. ಎರಡು ನಿಮಿಷ ಯೋಚಿಸಿದೆ. ಹೊಸ ಕಪ್ಲರಿನ ವೈರುಗಳ ಬಣ್ಣ ಹಳೆಯದಕ್ಕಿಂತ ಬೇರೆ ಇತ್ತು, ಪ್ಲಸ್ ಮೈನಸ್ ಅದಲುಬದಲಾಗಿತ್ತು. ಫ್ಯಾನು ಉಲ್ಟಾ ತಿರುಗುತ್ತಿತ್ತು. ಉಲ್ಟಾ ತಿರುಗಿದರೆ ಗಾಳಿ ಒಳಗೆ ಎಳೆಯುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಟೇಬಲ್ ಫ್ಯಾನಿಗೆ ಅದು ನಿಜ. ಈ ಗುಂಡು ಫ್ಯಾನಿಗೆ ಅಲ್ಲ. ಇದು ಎತ್ತ ತಿರುಗಿದರೂ ಗಾಳಿ ಅದೇ ಬಾಯಿಂದ ಹೊರಗೆ ಬರುತ್ತದೆ, ಬಲ ಮಾತ್ರ ಬಹಳ ಕಡಿಮೆ. ಹಾಗಾಗಿ ಗಾಳಿ ಬಂತು ಅಂತ ಬಿಟ್ಟುಬಿಟ್ಟರೆ ತಪ್ಪು ಗೊತ್ತೇ ಆಗುವುದಿಲ್ಲ. ಇದು ನಾನು ಮಾಡಿದ ತಪ್ಪು. ಮೋಟಾರನ್ನು ಪೆಟ್ಟಿಗೆಗೆ ಕೂರಿಸುವ ಮೊದಲೇ ಕೈಯಲ್ಲಿ ಹಿಡಿದು ಒಂದು ಕ್ಷಣ ಓಡಿಸಿ ದಿಕ್ಕು ನೋಡಬೇಕಿತ್ತು. ಈಗ ಹಾಗೇ ಮಾಡುತ್ತೇನೆ. ಪಿನ್ ಬದಲಿಸಿದ ಮೇಲೆ ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಬಿಲ್ ಚೀಟಿ ಹಾರಿ ಹಿಂದಿನ ಸೀಟಿಗೆ ಬಿತ್ತು.

ಅಳತೆ: ಬ್ಯಾಟರಿ 13.9, ಮೋಟಾರಿನ ಪಿನ್ನಿನಲ್ಲಿ 13.1. ದಾರಿಯ ಸೋರಿಕೆ 2.3ರಿಂದ 0.8 ವೋಲ್ಟಿಗೆ ಇಳಿದಿದೆ. ಕರೆಂಟು 11 ಆಂಪ್, ಕುಣಿತ ಇಲ್ಲ. 4ರಲ್ಲಿ ಇಪ್ಪತ್ತು ನಿಮಿಷ ಓಡಿಸಿ ಕಪ್ಲರ್ ಮುಟ್ಟಿದೆ, ಬರೀ ಉಗುರುಬೆಚ್ಚಗೆ. ಗ್ಲೋವ್ ಬಾಕ್ಸ್ ಮುಚ್ಚುವ ಮೊದಲು ಕೊನೆಯ ಪರೀಕ್ಷೆ ಇದೇ ಇರಬೇಕು. ಓಡುತ್ತದೆ ಅನ್ನುವುದು ಸಾಲದು, ಕೈ ಇಟ್ಟು ನೋಡಬೇಕು.

ಕೊನೆಗೆ ವೈಪರ್ ಕೆಳಗಿನ ಜಾಲರಿಯ ಒಳಬದಿಗೆ ಸ್ಟೀಲಿನ ಸೊಳ್ಳೆ ಪರದೆ ಕತ್ತರಿಸಿ ಹಾಕಿದೆ. ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎಲೆ ಒಳಗೆ ಹೋಗುವುದಿಲ್ಲ. ಆ ಪರದೆಯನ್ನು ತಿಂಗಳಿಗೊಮ್ಮೆ ಕೈಯಿಂದ ಬಳಿದು ತೆಗೆಯಬೇಕು ಅಂತ ಮೇಷ್ಟ್ರಿಗೆ ಹೇಳಿದೆ. ಮಬ್ಬು ಬಂದಾಗ ಏನು ಮಾಡಬೇಕು ಅನ್ನುವುದನ್ನೂ ತೋರಿಸಿದೆ: ಹೊರಗಿನ ಗಾಳಿ ಬಿಡುವ ಕಡೆಗೆ ಲಿವರ್, ಎಸಿ ಆನ್, ಹೀಟರ್ ಅರ್ಧ, ಗಾಳಿ ಗ್ಲಾಸಿಗೆ. ಅವರು ಇಷ್ಟು ದಿನ ಮಳೆಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿದ್ದರಂತೆ. ಹಾಗೆ ಮಾಡಿದರೆ ಉಸಿರಿನ ತೇವ ಒಳಗೇ ಸುತ್ತುತ್ತದೆ.

ಮೊದಲು ರಿಪೇರಿ ಮಾಡಿದವರ ಬಗ್ಗೆ ಒಂದು ಮಾತು. ಮೊದಲ ಸಲ ರೆಸಿಸ್ಟರ್ ಹಾಕಿದವರನ್ನು ನಾನು ದೂರುವುದಿಲ್ಲ. 4 ಮಾತ್ರ ಓಡುತ್ತದೆ ಅಂದರೆ ಯಾರೇ ಆದರೂ ಮೊದಲು ರೆಸಿಸ್ಟರನ್ನೇ ನೋಡುತ್ತಾರೆ, ನೋಡಬೇಕು ಕೂಡ. ಮೂರು ತಿಂಗಳಿಗೆ ಅದೇ ಸಾಮಾನು ಎರಡನೇ ಸಲ ಹೋಯಿತಲ್ಲ, ಅಲ್ಲಿ ನಿಂತು ಒಂದು ಕ್ಲ್ಯಾಂಪ್ ಮೀಟರ್ ಹಾಕಿದ್ದರೆ ಐದು ನಿಮಿಷದ ಕೆಲಸ. ತಾಮ್ರದ ಎಳೆ ಬೆಸೆದದ್ದು ಮಾತ್ರ ಬೇರೆ ಮಾತು. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಅಕ್ಟೋಬರ್‌ನಲ್ಲಿ, ದಸರಾ ರಜೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ನೋಡಿ ಬಂದ ಮರುದಿನ, ಇಬ್ಬರೂ ಅಂಗಡಿಗೆ ಬಂದರು. ಮೀಟರ್ ಹಾಕಿ ನೋಡಿದೆ, 11ರಲ್ಲೇ ನಿಂತಿದೆ. ಪರದೆ ಮೇಲೆ ಒಂದು ಹಿಡಿ ಬೇವಿನ ಎಲೆ ಕೂತಿತ್ತು, ತೆಗೆದು ಮೇಷ್ಟ್ರ ಕೈಗೆ ಕೊಟ್ಟೆ. ಈ ಸಲ ನಾನೇ ಅಮ್ಮನನ್ನು ಕೇಳಿದೆ, ಏನಾದರೂ ಸದ್ದು ಕೇಳಿಸುತ್ತಾ ಅಂತ.

"ಗುಬ್ಬಿ ಇಲ್ಲಪ್ಪ. ಗುಂಡಿಗೆ ಬಿದ್ರ ಟಕ್ ಅಂತೈತಿ."

ಗ್ಲೋವ್ ಬಾಕ್ಸಿನ ಎಡಗಡೆಯ ಸ್ಕ್ರೂ ಒಂದು ಸಡಿಲವಾಗಿತ್ತು. ಬಿಗಿ ಮಾಡಿದೆ. ಅಮ್ಮ ಸೀಟಿನಲ್ಲಿ ಕೂತು ಬ್ಲೋವರನ್ನು ತಾವೇ 1ರಿಂದ 4ರವರೆಗೆ ತಿರುಗಿಸಿ, ತಲೆ ಸ್ವಲ್ಪ ಬಾಗಿಸಿ ಕೇಳಿಸಿಕೊಂಡರು.

"ಈಗ ಸರಿ ಐತಿ," ಅಂದರು.